ಕಾಲು ನಿಂತಾಗ ಚೆಂಡು ಹೊರಡಬೇಕು

ಹತ್ತು ವರ್ಷದ ಮಗುವಿನ ಕೈಗೆ ಅಮೆರಿಕನ್ ಫುಟ್‌ಬಾಲ್ ಕೊಟ್ಟು ನೋಡಿ. ಅದು ಮಾಡುವ ಮೊದಲ ಕೆಲಸ ಒಂದೇ, ಕೈಲಾದಷ್ಟು ದೂರಕ್ಕೆ ಎಸೆಯುವುದು. ಚೆಂಡು ಗಾಳಿಯಲ್ಲಿ ಓಲಾಡಿಕೊಂಡು ಹೋಗಿ ಎಲ್ಲೋ ಬೀಳುತ್ತದೆ. ಮಗು ತಿರುಗಿ ನಮ್ಮ ಮುಖ ನೋಡುತ್ತದೆ. "ಎಷ್ಟು ದೂರ ಹೋಯ್ತು ಕೋಚ್?" ಪಕ್ಕದಲ್ಲಿ ನಿಂತ ಅಪ್ಪನ ಕುತೂಹಲವೂ ಅದೇ. ಈ ಪ್ರಶ್ನೆಯನ್ನು ಮರೆಸುವುದರಲ್ಲೇ ನಮ್ಮ ಅರ್ಧ ಸೀಸನ್ ಕಳೆದುಹೋಗುತ್ತದೆ.

ನಾನಿರುವುದು ಟೆಕ್ಸಾಸ್‌ನಲ್ಲಿ, ಡಾಲಸ್‌ನ ಉತ್ತರಕ್ಕೆ ಒಂದಕ್ಕೊಂದು ಅಂಟಿಕೊಂಡಂತಿರುವ ಊರುಗಳ ಪೈಕಿ ಒಂದರಲ್ಲಿ. ವಾರವಿಡೀ ಸಾಫ್ಟ್‌ವೇರ್, ಶನಿವಾರ ಫ್ಲ್ಯಾಗ್ ಫುಟ್‌ಬಾಲ್. ಮಗಳು ಸೇರಿದಳು ಅಂತ ನಾನೂ ಮೈದಾನಕ್ಕೆ ಹೋದೆ. ಸುಮ್ನೆ ನಿಂತವನನ್ನು ಕರೆದು ಕೋನ್ ಜೋಡಿಸಲು ಹಚ್ಚಿದರು. ಈಗ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಜಾಗದಲ್ಲಿ ಆಡುವ ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಈ ಆಟ ಆಡಿ ಬೆಳೆದವನಲ್ಲ, ಟೆನಿಸ್ ಬಾಲ್ ಕ್ರಿಕೆಟ್ಟಿನವನು. ನನಗೆ ಕಲಿಸಿದ್ದು ನಮ್ಮ ಹೆಡ್ ಕೋಚ್. ಅವರು ಇಲ್ಲೇ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಡಿದವರು. ಟೆಕ್ಸಾಸ್‌ನಲ್ಲಿ ಅದು ಸಣ್ಣ ಮಾತಲ್ಲ. ಪಕ್ಕದ ಅಲೆನ್ ಊರಿನ ಹೈಸ್ಕೂಲಿಗೆ 2012ರಲ್ಲಿ ಕಟ್ಟಿದ ಸ್ಟೇಡಿಯಂನಲ್ಲಿ 18,000 ಜನ ಕೂರಬಹುದು. ಖರ್ಚು 6 ಕೋಟಿ ಡಾಲರ್. ಹೈಸ್ಕೂಲಿಗೆ, ನೆನಪಿರಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಗುಂಡಗಿರುವುದಿಲ್ಲ, ಎರಡೂ ತುದಿ ಚೂಪು. ದೊಡ್ಡವರ ಆಟದಲ್ಲಿ ಒಂದೊಂದು ಕಡೆಗೆ 11 ಜನ, ಮೈದಾನ 100 ಗಜ. ನಾಲ್ಕು ಅವಕಾಶದೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೆಚ್ಚುಕಮ್ಮಿ ಪ್ರತಿ ಸಲವೂ ಸೆಂಟರ್ ಅನ್ನುವವನು ಚೆಂಡನ್ನು ತನ್ನ ಕಾಲ ಸಂದಿಯಿಂದ ಹಿಂದಕ್ಕೆ ಕೊಡುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಯಾರಿಗಾದರೂ ಎಸೆಯಬೇಕು, ಇಲ್ಲವೇ ಓಡುವವನ ಕೈಗೆ ಕೊಡಬೇಕು. ಮಕ್ಕಳ ಫ್ಲ್ಯಾಗ್ ಆಟದಲ್ಲಿ ಯಾರನ್ನೂ ಕೆಡವುವಂತಿಲ್ಲ. ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕಿತ್ತರೆ ಅಲ್ಲಿಗೆ ನಿಂತಿತು. ನಮ್ಮಲ್ಲಿ ಐದೈದು ಜನ ಆಡುತ್ತಾರೆ. ಎಸೆಯಲು ಏಳು ಸೆಕೆಂಡ್ ಇರುತ್ತದೆ, ಅಷ್ಟರಲ್ಲಿ ಎಸೆಯದಿದ್ದರೆ ಆ ಅವಕಾಶ ಹೋಯಿತು.

ಗೆಳೆಯನ ಅಪ್ಪ ಶಿವಮೊಗ್ಗದಿಂದ ಬಂದಿದ್ದಾಗ ಮೊಮ್ಮಗನ ಮ್ಯಾಚಿಗೆ ಬಂದು ಕೂತಿದ್ದರು. ಸ್ವಲ್ಪ ಹೊತ್ತು ನೋಡಿ ನನ್ನನ್ನು ಕರೆದರು. "ಏನಪ್ಪಾ ಇದು, ಐದು ಸೆಕೆಂಡ್ ಓಡ್ತಾರೆ, ಅರ್ಧ ನಿಮಿಷ ಗುಂಪು ಸೇರಿ ಮಾತಾಡ್ತಾರೆ. ಆಟ ಯಾವಾಗ ಶುರು?" "ಮಾತಾಡೋದೂ ಆಟಾನೇ ಅಂಕಲ್" ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಮೊದಲು ಚೆಂಡಿನ ವಿಚಾರ. ಮಗನಿಗೆ ಕ್ವಾರ್ಟರ್‌ಬ್ಯಾಕ್ ಆಗುವ ಆಸೆ ಹುಟ್ಟಿದ ಕೂಡಲೇ ಅಪ್ಪಂದಿರು ಅಂಗಡಿಗೆ ಹೋಗಿ ದೊಡ್ಡವರ ಚೆಂಡನ್ನೇ ತರುತ್ತಾರೆ. ಹೇಗೂ ಬೆಳೀತಾನೆ ಅಲ್ವಾ, ಅನ್ನುವುದು ಲೆಕ್ಕ. ಯೂನಿಫಾರ್ಮನ್ನು ಒಂದು ಸೈಜ್ ದೊಡ್ಡದಾಗಿ ಹೊಲಿಸುತ್ತಿದ್ದ ಕಾಲದಲ್ಲಿ ಬೆಳೆದವರು ನಾವು, ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಆದರೆ ಇಲ್ಲಿನ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನ ಚೆಂಡು 11 ಇಂಚು ಉದ್ದ, ಸುಮಾರು 400 ಗ್ರಾಂ ತೂಕ. ಎಂಟು ವರ್ಷದ ಕೈಗೆ ಅದು ದಕ್ಕುವುದಿಲ್ಲ. ವಿಲ್ಸನ್ ಕಂಪನಿಯೇ 6ರಿಂದ 9 ವರ್ಷದವರಿಗೆ ಪೀವೀ, 9ರಿಂದ 12ಕ್ಕೆ ಜೂನಿಯರ್, 12ರಿಂದ 14ಕ್ಕೆ ಯೂತ್ ಅಂತ ಬೇರೆ ಬೇರೆ ಅಳತೆಯ ಚೆಂಡು ಮಾಡುತ್ತದೆ. ನಾನು ವಯಸ್ಸು ಕೇಳುವುದಕ್ಕಿಂತ ಕೈ ನೋಡುತ್ತೇನೆ. ಚೆಂಡನ್ನು ಮೇಲಿಂದ ಹಿಡಿದು ಕೈ ಮುಂದೆ ಚಾಚಲು ಹೇಳುತ್ತೇನೆ, ಅಂಗೈ ನೆಲಕ್ಕೆ ಮುಖ ಮಾಡಿ. ಮುಂಗೈ ಮೇಲೆ ಮೆಲ್ಲಗೆ ತಟ್ಟಿದಾಗ ಚೆಂಡು ಜಾರಿ ಬಿದ್ದರೆ ಒಂದು ಅಳತೆ ಚಿಕ್ಕದು ಕೊಡುತ್ತೇನೆ. ದೊಡ್ಡ ಚೆಂಡು ಕೊಟ್ಟರೆ ಮಗು ಹೇಗೋ ಒಂದು ದಾರಿ ಹುಡುಕಿಕೊಳ್ಳುತ್ತದೆ. ಮೊಣಕೈ ಇಳಿಸಿ, ಅಂಗೈಯನ್ನೇ ಚೆಂಡಿನ ಕೆಳಗೆ ಕೊಟ್ಟು ಮುಂದಕ್ಕೆ ದೂಡುತ್ತದೆ. ಒಂದು ಬೇಸಿಗೆ ಹಾಗೆ ದೂಡಿದ ಕೈಯನ್ನು ಸರಿ ಮಾಡಲು ಎರಡು ಬೇಸಿಗೆ ಬೇಕು.

ಹಿಡಿತದಲ್ಲಿ ನಾನು ನೋಡುವುದು ಬೆರಳು. ಕಿರುಬೆರಳು, ಉಂಗುರಬೆರಳು ಲೇಸಿನ ಮೇಲೆ, ಅಂದರೆ ಚೆಂಡಿನ ಮೇಲಿನ ದಪ್ಪ ಹೊಲಿಗೆಯ ಮೇಲೆ. ತೋರುಬೆರಳು ಹಿಂದಿನ ತುದಿಯ ಕಡೆಗೆ ಚಾಚಿರಬೇಕು. ಹೆಬ್ಬೆರಳು ಕೆಳಗಿಂದ ಸುತ್ತಿ ಬರಬೇಕು. ಅಂಗೈಗೂ ಚೆಂಡಿಗೂ ನಡುವೆ ಸ್ವಲ್ಪ ಬೆಳಕು ಕಾಣಬೇಕು, ಪೂರ್ತಿ ಅಪ್ಪಿ ಹಿಡಿದರೆ ಚೆಂಡು ತಿರುಗುವುದಿಲ್ಲ. ಎಸೆಯುವಾಗ ಕೊನೆಯಲ್ಲಿ ಚೆಂಡನ್ನು ಬಿಡುವುದು ತೋರುಬೆರಳು. ಅದು ಬಿಟ್ಟ ಮೇಲೆ ಹೆಬ್ಬೆರಳು ಕೆಳಗೆ ತಿರುಗಿ, ಕೈ ಎದುರು ಬದಿಯ ಜೇಬಿನ ಕಡೆಗೆ ಇಳಿಯಬೇಕು. ಇಷ್ಟಾದರೆ ಬಲಗೈಯವರ ಚೆಂಡು ಹಿಂದಿನಿಂದ ನೋಡುವವರಿಗೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತ, ಮೂತಿ ಅಲ್ಲಾಡಿಸದೆ ಹೋಗುತ್ತದೆ. ಅದೇ ಸ್ಪೈರಲ್. ಮಗುವಿನ ಕೈಯಿಂದ ಮೊದಲ ಸಲ ಸ್ಪೈರಲ್ ಹೊರಟಾಗ ಯಾರೂ ಹೇಳುವುದು ಬೇಕಿಲ್ಲ. ಬೆರಳಿಗೇ ಗೊತ್ತಾಗುತ್ತದೆ. ಮಗು ತನ್ನ ಕೈಯನ್ನೇ ಒಮ್ಮೆ ನೋಡಿಕೊಳ್ಳುತ್ತದೆ.

ನಮ್ಮ ಗುಂಪಿನಲ್ಲಿ ಎಡಗೈಯ ಹುಡುಗಿಯೊಬ್ಬಳಿದ್ದಾಳೆ. ಅವಳ ಚೆಂಡು ಉಲ್ಟಾ ತಿರುಗುತ್ತದೆ. ಮೊದಮೊದಲು ಹಿಡಿಯುವವರ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. "ಅವಳು ಕೆಟ್ಟದಾಗಿ ಎಸೀತಾಳೆ ಕೋಚ್" ಅಂತ ದೂರು ಬಂತು. ಅವಳ ಎಸೆತದಲ್ಲಿ ಏನೂ ತಪ್ಪಿರಲಿಲ್ಲ, ಇವರ ಕೈಗೆ ಆ ತಿರುಗುವಿಕೆ ಹೊಸದು ಅಷ್ಟೇ. ಎರಡು ವಾರ ಅವಳೊಬ್ಬಳ ಚೆಂಡನ್ನೇ ಎಲ್ಲರಿಗೂ ಹಿಡಿಸಿದೆವು. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಹಳೆಯ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಯಂಗ್ ಎಡಗೈಯವರೇ ಅಂತ ಹೇಳಿದ ಮೇಲೆ ಅವಳು ಮನೆಯಲ್ಲಿ ಅವರ ಹಳೆಯ ಮ್ಯಾಚುಗಳನ್ನೆಲ್ಲ ಹುಡುಕಿ ನೋಡಿದ್ದಾಳೆ.

ಕ್ರಿಕೆಟ್ ಕ್ಯಾಂಪಿನಿಂದ ಬರುವ ನಮ್ಮ ಕಡೆಯ ಮಕ್ಕಳದ್ದು ಬೇರೆಯೇ ಕಥೆ. ಒಬ್ಬ ಹುಡುಗ ಮೊದಲ ದಿನ ಮೊಣಕೈ ಮಡಿಸಲೇ ಇಲ್ಲ. ಮಡಿಸಿದರೆ ಚಕ್ಕಿಂಗ್ ಅಂತ ಅವನ ಬೌಲಿಂಗ್ ಕೋಚ್ ತಲೆಗೆ ತುಂಬಿದ್ದರು. "ಇಲ್ಲಿ ಮಡಿಸಬಹುದು ಪುಟ್ಟಾ, ಅಂಪೈರ್ ನೋ ಬಾಲ್ ಕೊಡಲ್ಲ" ಅಂತ ಕನ್ನಡದಲ್ಲೇ ಹೇಳಿದೆ. ಆಮೇಲೆ ಬೌಂಡರಿಯಿಂದ ಕೀಪರ್‌ಗೆ ಎಸೆಯುವ ಹಾಗೆ ನಿಲ್ಲು ಅಂದೆ. ಪಕ್ಕಕ್ಕೆ ತಿರುಗಿ, ಎಡ ಹೆಗಲನ್ನು ಗುರಿಯ ಕಡೆಗೆ ಇಟ್ಟು, ತಾನಾಗಿ ಸರಿಯಾಗಿ ನಿಂತ. ಸೊಂಟ ಮೊದಲು ತಿರುಗಬೇಕು, ಹೆಗಲು ಅದರ ಹಿಂದೆ, ಕೈ ಕೊನೆಗೆ. ಈ ಸರದಿ ಎರಡೂ ಆಟಕ್ಕೆ ಒಂದೇ.

ಕೈಯ ಪಾಠ ನನ್ನ ಪ್ರಕಾರ ಇಲ್ಲಿಗೆ ಮುಗಿಯಿತು. ಒಂದು ಮಾತು ಬಾಕಿ ಇದೆ. ಮಕ್ಕಳು ಜೋರಾಗಿ ಎಸೆಯುವ ಆಸೆಗೆ ಚೆಂಡನ್ನು ಸೊಂಟದ ತನಕ ಇಳಿಸಿ, ದೊಡ್ಡ ಸುತ್ತು ಹಾಕಿಸಿ ಮೇಲೆ ತರುತ್ತಾರೆ. ಟಿಮ್ ಟೀಬೋ ಅನ್ನುವ ಕ್ವಾರ್ಟರ್‌ಬ್ಯಾಕ್ ಹಾಗೇ ಎಸೆಯುತ್ತಿದ್ದರು. ಕಾಲೇಜಿನಲ್ಲಿ ಅದು ನಡೆಯಿತು, ಕಾಲೇಜು ಆಟದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯೂ 2007ರಲ್ಲಿ ಬಂತು. 2010ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವಾಗ, ಮೊದಲ ಸುತ್ತಿನಲ್ಲೇ ಡೆನ್ವರ್ ತಂಡ ಅವರನ್ನು ಆರಿಸಿಕೊಂಡಿತು. ಆದರೆ ಎನ್‌ಎಫ್‌ಎಲ್‌ನಲ್ಲಿ ಡಿಫೆಂಡರ್‌ಗಳು ಅಷ್ಟು ಹೊತ್ತು ಕಾಯುವುದಿಲ್ಲ. ತಿದ್ದುವ ಪ್ರಯತ್ನ ಬಹಳ ನಡೆಯಿತು, ಹಳೆಯ ಅಭ್ಯಾಸ ಪೂರ್ತಿ ಹೋಗಲಿಲ್ಲ. ಅದಕ್ಕೇ ಹತ್ತನೇ ವಯಸ್ಸಿನಲ್ಲೇ ನಾವು ಗಲಾಟೆ ಮಾಡುವುದು. ಚೆಂಡು ಎರಡೂ ಕೈಯಲ್ಲಿ, ಎದೆಯ ಮಟ್ಟದಲ್ಲಿ, ಎಸೆಯುವ ಹೆಗಲ ಹತ್ತಿರ ಇರಲಿ. ಅಲ್ಲಿಂದ ಸೀದಾ ಮೇಲೆ.

ಇನ್ನು ಕಾಲು. ನನಗೆ ಹೇಳಲು ಇರುವುದೆಲ್ಲ ಇಲ್ಲೇ ಇದೆ.

ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಹೆಜ್ಜೆ ಹಾಕುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಮೈಮೇಲೆ ಬರುವವರಿಂದ ತಪ್ಪಿಸಿಕೊಳ್ಳಲು ಓಡುತ್ತಿದ್ದಾನೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಅದೂ ಇದೆ. ಆದರೆ ಮುಖ್ಯ ಕಾರಣ ಹೊತ್ತು. ಬಲಗೈಯವರು ಬಲಗಾಲನ್ನು ಹಿಂದಕ್ಕೆ ಇಡುತ್ತಾರೆ, ಎಡಗಾಲು ಅದನ್ನು ದಾಟುತ್ತದೆ, ಮತ್ತೆ ಬಲಗಾಲು ಊರಿ ನಿಲ್ಲುತ್ತದೆ. ಇದು ಮೂರು ಹೆಜ್ಜೆಯ ಡ್ರಾಪ್. ಹೀಗೇ ಐದು ಹೆಜ್ಜೆಯದ್ದು, ಏಳು ಹೆಜ್ಜೆಯದ್ದು ಇವೆ. ಮೂರು ಹೆಜ್ಜೆ ಮುಗಿಯುವಷ್ಟರಲ್ಲಿ ಚೆಂಡು ಹಿಡಿಯುವವನು, ಅಂದರೆ ರಿಸೀವರ್, ಐದಾರು ಗಜ ಓಡಿ ತಿರುಗಿರುತ್ತಾನೆ. ಐದು ಹೆಜ್ಜೆಗೆ ಹತ್ತು ಹನ್ನೆರಡು ಗಜ. ಏಳಕ್ಕೆ ಇನ್ನೂ ದೂರ. ಕ್ವಾರ್ಟರ್‌ಬ್ಯಾಕ್‌ಗೆ ತನ್ನ ಕಾಲೇ ಗಡಿಯಾರ. ಕೊನೆಯ ಹೆಜ್ಜೆ ಊರಿದಾಗ ಚೆಂಡು ಹೊರಡಬೇಕು. ಹೊರಡದಿದ್ದರೆ ಮೊದಲನೆಯ ರಿಸೀವರ್‌ಗೆ ಹೊತ್ತು ಮೀರಿತು ಅಂತಲೇ ಲೆಕ್ಕ. ಒಂದು ಚಿಕ್ಕ ಹೆಜ್ಜೆ ಮುಂದೆ ಜಾರಿಸಿ ಎರಡನೆಯವನನ್ನು ನೋಡು. ಇನ್ನೊಂದು ಚಿಕ್ಕ ಹೆಜ್ಜೆ, ಮೂರನೆಯವನು. ಫ್ಲ್ಯಾಗ್‌ನಲ್ಲಿ ನಮ್ಮ ಮಕ್ಕಳು ಸೆಂಟರ್‌ನಿಂದ ನಾಲ್ಕೈದು ಗಜ ಹಿಂದೆಯೇ ನಿಂತು ಚೆಂಡು ತೆಗೆದುಕೊಳ್ಳುತ್ತಾರೆ. ಹಾಗಾಗಿ ಹೆಜ್ಜೆ ಇನ್ನೂ ಚಿಕ್ಕದು. ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಎಸೆಯುವಾಗ ಮುಂದಿಡುವ ಹೆಜ್ಜೆಯೂ ಚಿಕ್ಕದೇ ಇರಬೇಕು, ಕಾಲ್ಬೆರಳ ತುದಿ ಗುರಿಯ ಕಡೆಗೆ ನೋಡಬೇಕು. ಉದ್ದ ಹೆಜ್ಜೆ ಇಟ್ಟರೆ ಮೈ ಹಿಂದೆ ಉಳಿಯುತ್ತದೆ, ಚೆಂಡು ಹಿಡಿಯುವವನ ತಲೆ ಮೇಲೆ ಹಾರಿಹೋಗುತ್ತದೆ. ಮಕ್ಕಳ ಆಟದಲ್ಲಿ ತಲೆ ಮೇಲೆ ಹೋಗುವ ಎಸೆತಗಳಿಗೆ ಜಾಸ್ತಿ ಕಾರಣ ಕೈಯಲ್ಲ, ಈ ಉದ್ದ ಹೆಜ್ಜೆ. ಗೆರೆಯ ಆಚೆ ನಿಂತ ದೊಡ್ಡವರು "ಕೈ ನೋಡ್ಕೋ, ಕೈ ನೋಡ್ಕೋ" ಅಂತ ಕೂಗುತ್ತಾರೆ. ನಾನು ಆ ಮಗುವಿನ ಎದುರು ಹುಲ್ಲಿನ ಮೇಲೆ ಒಂದು ಕೋನ್ ಇಟ್ಟು, ಅದನ್ನು ದಾಟಬೇಡ ಅನ್ನುತ್ತೇನೆ. ಅಷ್ಟಕ್ಕೇ ಚೆಂಡು ಎದೆಯ ಮಟ್ಟಕ್ಕೆ ಇಳಿಯುತ್ತದೆ.

ಮೂರು ಹೆಜ್ಜೆ, ಚಿಕ್ಕ ಎಸೆತ ಅಂದರೆ ಮಕ್ಕಳಿಗೆ ಬೇಜಾರು. ಅವರಿಗೆ ನಾನು ಸಿನ್ಸಿನಾಟಿಯ ಕಥೆ ಹೇಳುತ್ತೇನೆ. 1969ರಲ್ಲಿ ಅಲ್ಲಿನ ಬೆಂಗಾಲ್ಸ್ ತಂಡಕ್ಕೆ ಗ್ರೆಗ್ ಕುಕ್ ಅನ್ನುವ ಹೊಸ ಕ್ವಾರ್ಟರ್‌ಬ್ಯಾಕ್ ಬಂದರು. ಎತ್ತರದ ಆಳು, ಭಾರಿ ಕೈ. ಮೊದಲ ವರ್ಷವೇ ಹೆಗಲಿಗೆ ಪೆಟ್ಟಾಯಿತು. ಆ ಹೆಗಲು ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ. ಮರುವರ್ಷ ಆ ಜಾಗಕ್ಕೆ ಬಂದವರು ವರ್ಜಿಲ್ ಕಾರ್ಟರ್. ಬುದ್ಧಿವಂತ, ನಿಖರವಾಗಿ ಎಸೆಯುವವರು, ಆದರೆ ಕೈಯಲ್ಲಿ ಕುಕ್‌ಗಿದ್ದ ಬಲ ಇಲ್ಲ. ಅಲ್ಲಿ ಸಹಾಯಕ ಕೋಚ್ ಆಗಿದ್ದವರು ಬಿಲ್ ವಾಲ್ಷ್. ದೂರ ಎಸೆಯಲಾಗದಿದ್ದರೆ ಬೇಡ, ಹತ್ತಿರ ಎಸೆಯೋಣ, ಆದರೆ ಹೆಜ್ಜೆಗೂ ರಿಸೀವರ್‌ನ ಓಟಕ್ಕೂ ಗಂಟು ಹಾಕೋಣ ಅಂತ ಅವರು ಇಡೀ ಆಟವನ್ನೇ ಹೊಸದಾಗಿ ಕಟ್ಟಿದರು. 1971ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಶೇಕಡಾವಾರು ಪಾಸ್ ಮುಟ್ಟಿಸಿದ್ದು ಇದೇ ಕಾರ್ಟರ್. ಮುಂದೆ ವಾಲ್ಷ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. 1979ರ ಡ್ರಾಫ್ಟ್‌ನಲ್ಲಿ 82ನೆಯವನಾಗಿ ಸಿಕ್ಕ ಜೋ ಮೊಂಟಾನಾ ಅನ್ನುವ ಕ್ವಾರ್ಟರ್‌ಬ್ಯಾಕ್‌ಗೆ ಅದೇ ಹೆಜ್ಜೆಗಳನ್ನು ಕಲಿಸಿದರು. ಕೋಚ್ ಆಗಿ ವಾಲ್ಷ್ ಮೂರು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದರು. ಇವತ್ತು ಎನ್‌ಎಫ್‌ಎಲ್‌ನಲ್ಲಿ ಯಾವ ತಂಡದ ಆಟ ನೋಡಿದರೂ ಅದರಲ್ಲಿ ಈ ಪದ್ಧತಿಯ ಪಾಲು ಇದ್ದೇ ಇರುತ್ತದೆ.

ಎಲ್ಲ ಶುರುವಾದದ್ದು ಬಲ ಕಡಿಮೆ ಇದ್ದ ಒಂದು ಕೈಯಿಂದ. ಹತ್ತು ವರ್ಷದ ಮಕ್ಕಳೆಲ್ಲರದ್ದೂ ಅಂಥದ್ದೇ ಕೈ ತಾನೇ? ಹಾಗಿರುವಾಗ ಅವರಿಗೆ ಕುಕ್‌ನ ಆಟ ಕಲಿಸುವುದೋ, ಕಾರ್ಟರ್‌ನದ್ದೋ?

ಇದರಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಖಾಲಿ ಜಾಗಕ್ಕೆ ಎಸೆಯುವುದು. ಹತ್ತು ಗಜ ಹಾರಲು ಮಗು ಎಸೆದ ಚೆಂಡಿಗೆ ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ಅಷ್ಟರಲ್ಲಿ ಓಡುವ ಮಗು ಮೂರು ನಾಲ್ಕು ಗಜ ಮುಂದೆ ಹೋಗಿರುತ್ತದೆ. ಅವನು ಇರುವ ಕಡೆ ಎಸೆದರೆ ಅವನು ಅಲ್ಲಿರುವುದಿಲ್ಲ. ಅವನು ತಿರುಗಿ ಕೈ ಚಾಚಿದ ಮೇಲೆ ಎಸೆದರೆ ಡಿಫೆಂಡರ್ ಕೂಡ ಅಲ್ಲಿಗೆ ಬಂದಿರುತ್ತಾನೆ. ಬಾಯಲ್ಲಿ ಹೇಳಿದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಮೈದಾನದಲ್ಲಿ ನಿಂತಾಗ ಮಾತ್ರ ಕೈ ಏಳುವುದಿಲ್ಲ.

"ಅಲ್ಲಿ ಯಾರೂ ಇಲ್ವಲ್ಲ ಕೋಚ್?"

"ಬರ್ತಾಳೆ. ನೀನು ಎಸಿ."

"ಬರದಿದ್ರೆ?"

ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನಮ್ಮಲ್ಲಿರುವ ಉಪಾಯ ಇಷ್ಟು. ಐದು ಗಜದಾಚೆ, ಬಲಗಡೆಯ ಅಂಚಿಗೆ ಒಂದು ಕೋನ್ ಇಡುತ್ತೇವೆ. ರಿಸೀವರ್ ನೇರ ಓಡಿ, ಐದನೆಯ ಗಜದಲ್ಲಿ ಅಂಚಿನ ಕಡೆಗೆ ತಿರುಗಬೇಕು. ತಿರುಗುವ ತನಕ ಹಿಂದೆ ನೋಡುವಂತಿಲ್ಲ. ಎಸೆಯುವವನು ರಿಸೀವರ್‌ನನ್ನು ನೋಡುವಂತಿಲ್ಲ, ಕೋನ್ ಮಾತ್ರ ನೋಡಬೇಕು. ನಾನು ಒಂದೊಂದು ಹೆಜ್ಜೆಗೂ ಚಪ್ಪಾಳೆ ತಟ್ಟುತ್ತೇನೆ. ಮೂರನೆಯ ಚಪ್ಪಾಳೆಗೆ ಚೆಂಡು ಕೈ ಬಿಟ್ಟಿರಬೇಕು. ಮೊದಲ ದಿನ ನಗೆಯೋ ನಗೆ. ತಿರುಗಿದ ಕೂಡಲೇ ಚೆಂಡು ಹೆಗಲಿಗೆ ಬಡಿಯುತ್ತದೆ, ಕಿವಿಯ ಪಕ್ಕ ಹೋಗುತ್ತದೆ, ಒಬ್ಬನಂತೂ ತಿರುಗಿದವನೇ ಹೆದರಿ ಕೂತುಬಿಟ್ಟ. ಆಮೇಲೊಂದು ದಿನ, ಯಾಕೆ ಅಂತ ಯಾರಿಗೂ ಗೊತ್ತಾಗದೆ, ತಿರುಗಿದ ಹುಡುಗಿಯ ಎರಡೂ ಕೈ ನಡುವೆ ಚೆಂಡು ಬಂದು ಕೂರುತ್ತದೆ. ಎಸೆದವನು ಅವಳನ್ನು ನೋಡೇ ಇಲ್ಲ. ಅವಳೂ ಅವನನ್ನು ನೋಡಿಲ್ಲ. ಅವತ್ತಿನಿಂದ ಆ ಇಬ್ಬರೂ ಊಟದ ಬಿಡುವಿನಲ್ಲೂ ಅದನ್ನೇ ಆಡುತ್ತಾರೆ.

ಮಕ್ಕಳು ನಕಲು ಮಾಡುವುದು ಇಂಥದ್ದನ್ನಲ್ಲ, ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು. ಮಹೋಮ್ಸ್ ಈ ರಾಜ್ಯದ ವೈಟ್‌ಹೌಸ್ ಅನ್ನುವ ಸಣ್ಣ ಊರಿನವನು, ಇಲ್ಲಿನ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಆಡಿದವನು, ಹಾಗಾಗಿ ಇಲ್ಲಿನ ಮಕ್ಕಳಿಗೆ ಮನೆಯವನೇ. ಓಡುತ್ತ ಓಡುತ್ತ ಪಕ್ಕದಿಂದ ಕೈ ಬೀಸಿ ಎಸೆಯುತ್ತಾನೆ, ಒಂದು ಕಡೆ ನೋಡಿ ಇನ್ನೊಂದು ಕಡೆ ಎಸೆಯುತ್ತಾನೆ. ಶನಿವಾರ ಬೆಳಿಗ್ಗೆ ನಮ್ಮ ಮೈದಾನದಲ್ಲಿ ಹತ್ತು ಮಹೋಮ್ಸ್‌ಗಳು ಇರುತ್ತಾರೆ. ಬೇಡ ಅನ್ನುವುದಿಲ್ಲ, ಪ್ರಾಕ್ಟೀಸಿನ ಕೊನೆಗೆ ಸ್ವಲ್ಪ ಹೊತ್ತು ಅದಕ್ಕೇ ಬಿಡುತ್ತೇವೆ. ಆದರೆ ಅವರಿಗೆ ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಅವನ ಅಪ್ಪ ಬೇಸ್‌ಬಾಲ್‌ನ ಮೇಜರ್ ಲೀಗ್‌ನಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವರು, ಆಗಿದ್ದವರು. ಅವನೂ ಬೇಸ್‌ಬಾಲ್ ಆಡಿ ಬೆಳೆದವನು, ಬೇರೆ ಬೇರೆ ಕೋನದಿಂದ ಎಸೆಯುವುದು ಅಲ್ಲಿಂದ ಬಂದದ್ದು. ಎನ್‌ಎಫ್‌ಎಲ್‌ಗೆ ಬಂದ 2017ರಲ್ಲಿ ಹೆಚ್ಚುಕಮ್ಮಿ ಇಡೀ ವರ್ಷ ತಂಡದ ಹಿರಿಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಆಡುವುದನ್ನು ಬೆಂಚಿನಲ್ಲಿ ಕೂತು ನೋಡಿದ. ಬೆಂಚಿನ ವಿಚಾರ ಹೇಳಿದಾಗ ಮಾತ್ರ ಯಾರಿಗೂ ಕಿವಿ ಕೇಳಿಸುವುದಿಲ್ಲ.

ಕಣ್ಣಿನ ಪಾಠ ಕಾಲಿನ ನಂತರ. ಫ್ಲ್ಯಾಗ್‌ನಲ್ಲಿ ಎದುರು ತಂಡದವನೊಬ್ಬ ಏಳು ಗಜ ದೂರದಿಂದ ಕ್ವಾರ್ಟರ್‌ಬ್ಯಾಕ್ ಕಡೆಗೆ ನುಗ್ಗಬಹುದು. ಮಕ್ಕಳು ಅವನನ್ನೇ ನೋಡುತ್ತಾರೆ. ಸಹಜ, ಯಾರಾದರೂ ಮೈಮೇಲೆ ಓಡಿಬಂದರೆ ನೀವೂ ನೋಡುತ್ತೀರಿ. ಇದಕ್ಕೆ ನಾವು ಈಜುಕೊಳದಲ್ಲಿ ಬಳಸುವ ಫೋಮ್ ಕೋಲು ತರುತ್ತೇವೆ. ಮಗು ಚೆಂಡು ಹಿಡಿದು ಹಿಂದಕ್ಕೆ ಹೆಜ್ಜೆ ಇಡುವಾಗ ನಾನು ಆ ಕೋಲಿನಿಂದ ಕಾಲಿಗೆ, ಸೊಂಟಕ್ಕೆ ಮೆಲ್ಲಗೆ ಬಡಿಯುತ್ತಿರುತ್ತೇನೆ. ಹದಿನೈದು ಗಜ ಆಚೆ ನಿಂತ ಇನ್ನೊಂದು ಮಗು ಬೆರಳು ಎತ್ತಿ ತೋರಿಸುತ್ತದೆ. ಎಷ್ಟು ಬೆರಳು ಅಂತ ಕೂಗಿ ಹೇಳಬೇಕು, ಆಮೇಲೆ ಎಸೆಯಬೇಕು. ಮೊದಲು ಎಲ್ಲರೂ ಕೋಲನ್ನೇ ನೋಡುತ್ತಾರೆ. ಕೆಲವು ವಾರ ಕಳೆದ ಮೇಲೆ ಬೆರಳು ಕಾಣತೊಡಗುತ್ತದೆ. ಈ ಆಟಕ್ಕೆ ಮಕ್ಕಳು ಕ್ಯೂ ನಿಲ್ಲುತ್ತಾರೆ, ಕೋಚ್‌ಗೆ ಬಡಿಯುವ ಸರದಿಯೂ ಸಿಗುತ್ತದೆ ಅನ್ನುವ ಕಾರಣಕ್ಕೆ.

ಡಿಫೆನ್ಸ್ ಓದುವುದು, ಅಂದರೆ ತಡೆಯಲು ನಿಂತ ಎದುರಾಳಿಗಳ ಚಲನೆ ನೋಡಿ ತೀರ್ಮಾನಿಸುವುದು, ಅಂತ ದೊಡ್ಡ ಮಾತು ಇದೆ. ಈ ವಯಸ್ಸಿಗೆ ನಾವು ಒಬ್ಬನನ್ನು ಮಾತ್ರ ಓದಿಸುತ್ತೇವೆ. ಒಂದೇ ಕಡೆಗೆ ಒಬ್ಬ ರಿಸೀವರ್ ಹತ್ತಿರಕ್ಕೆ, ಇನ್ನೊಬ್ಬ ದೂರಕ್ಕೆ ಓಡುತ್ತಾನೆ. ನಡುವೆ ಇರುವ ಡಿಫೆಂಡರ್ ಹಿಂದೆ ಸರಿದರೆ ಹತ್ತಿರದವನಿಗೆ ಕೊಡು, ಮುಂದೆ ಬಂದರೆ ಅವನ ತಲೆ ಮೇಲಿಂದ ದೂರದವನಿಗೆ. ಅಷ್ಟೇ. ಇಷ್ಟನ್ನು ಗಟ್ಟಿಯಾಗಿ ಕಲಿತ ಮಗು ಐದು ಜನರ ಆಟದಲ್ಲಿ ಮ್ಯಾಚ್ ಗೆಲ್ಲಿಸುತ್ತದೆ. ದುಡ್ಡು ಕೊಟ್ಟು ಖಾಸಗಿ ಕ್ವಾರ್ಟರ್‌ಬ್ಯಾಕ್ ಕೋಚ್ ಹತ್ತಿರ ಹೋಗುವ ಎಂಟು ವರ್ಷದ ಮಕ್ಕಳು ಈ ಕಡೆ ಬೇಕಾದಷ್ಟು. ಅವರ ಬಾಯಲ್ಲಿ ಕವರ್ ಟೂ, ಕವರ್ ಥ್ರೀ ಅಂತ ಡಿಫೆನ್ಸಿನ ವ್ಯೂಹಗಳ ಹೆಸರೆಲ್ಲ ಬರುತ್ತದೆ. ಹೆಜ್ಜೆ ಮಾತ್ರ ಬರುವುದಿಲ್ಲ. ಎಲ್ಲ ಖಾಸಗಿ ಕೋಚ್‌ಗಳೂ ಹಾಗೆ ಅಂತಲ್ಲ, ಆದರೆ ಅಪ್ಪನಿಗೆ ಕೇಳಿಸುವ ಪಾಠಕ್ಕೆ ಬೆಲೆ ಜಾಸ್ತಿ.

ಯಾರನ್ನು ಕ್ವಾರ್ಟರ್‌ಬ್ಯಾಕ್ ಮಾಡಬೇಕು ಅನ್ನುವುದರಲ್ಲಿ ನನಗೂ ಕೆಲವು ಪೋಷಕರಿಗೂ ಜಟಾಪಟಿ ನಡೆಯುತ್ತಿರುತ್ತದೆ. ಎತ್ತರದವನು, ಕೋಚ್ ಮಗ, ಜೋರು ಬಾಯಿಯವನು, ಇವರಿಗೆ ತಾನಾಗಿ ಆ ಜಾಗ ಸಿಗುತ್ತದೆ. ನಮ್ಮಲ್ಲಿ ಎಲ್ಲರಿಗೂ ಸರದಿ. ನೋಡಿದ ಕೂಡಲೇ ಇವನು ಇದಕ್ಕೆ, ಅವನು ಅದಕ್ಕೆ ಅಂತ ತೀರ್ಮಾನಿಸುವ ಚಾಳಿ ಈ ಆಟದಲ್ಲಿ ಬಹಳ ಹಳೆಯದು, ಅದಕ್ಕೆ ಕೆಟ್ಟ ಇತಿಹಾಸವೂ ಇದೆ. ವಾರೆನ್ ಮೂನ್ 1978ರ ರೋಸ್ ಬೌಲ್ ಅನ್ನುವ ದೊಡ್ಡ ಕಾಲೇಜು ಪಂದ್ಯದಲ್ಲಿ ತಮ್ಮ ಕಾಲೇಜನ್ನು ಗೆಲ್ಲಿಸಿದ ಕಪ್ಪು ಕ್ವಾರ್ಟರ್‌ಬ್ಯಾಕ್. ಆ ವರ್ಷದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಕಪ್ಪು ಹುಡುಗರಿಗೆ ವೇಗ ಇದೆ, ಬೇರೆ ಜಾಗದಲ್ಲಿ ಆಡಲಿ, ಆಟ ನಡೆಸುವ ತಲೆ ಅವರದ್ದಲ್ಲ ಅನ್ನುವ ಕಾಲ ಅದು. ಮೂನ್ ಜಾಗ ಬದಲಿಸಲು ಒಪ್ಪಲಿಲ್ಲ. ಕೆನಡಾಕ್ಕೆ ಹೋದರು. ಎಡ್ಮಂಟನ್ ತಂಡದ ಜೊತೆ 1978ರಿಂದ 1982ರವರೆಗೆ ಸತತ ಐದು ಸಲ ಅಲ್ಲಿನ ಲೀಗಿನ ಗ್ರೇ ಕಪ್ ಗೆದ್ದರು. ಆಮೇಲೆ, 1984ರಲ್ಲಿ, ನಮ್ಮ ಹ್ಯೂಸ್ಟನ್‌ನ ಎನ್‌ಎಫ್‌ಎಲ್ ತಂಡಕ್ಕೆ ಬಂದರು. 2006ರಲ್ಲಿ ಈ ಆಟದ ಮಹಾನ್ ಆಟಗಾರರ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರು. ನಮ್ಮ ಮೈದಾನದಲ್ಲಿ "ಈ ಇಂಡಿಯನ್ ಹುಡುಗನನ್ನು ಸೆಂಟರ್‌ಗೆ ಹಾಕಿ, ಶಾಂತ ಸ್ವಭಾವ" ಅಂತ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದಾಗ ನನಗೆ ಮೂನ್ ನೆನಪಾಗಿದ್ದರು. ಆ ಶಾಂತ ಹುಡುಗ ಈಗ ಚಪ್ಪಾಳೆ ಇಲ್ಲದೆಯೇ ಮೂರನೆಯ ಹೆಜ್ಜೆಗೆ ಎಸೆಯುತ್ತಾನೆ.

ಇಂಟರ್‌ಸೆಪ್ಷನ್ ಅಂದರೆ ನಮ್ಮ ಎಸೆತವನ್ನು ಎದುರಾಳಿ ಹಿಡಿಯುವುದು. ದೊಡ್ಡವರಿಗೆ ಅದು ಒಂದು ಅಂಕಿ. ಮಗುವಿಗೆ ಎಲ್ಲರ ಎದುರು ಆದ ಅವಮಾನ. ಅಳುತ್ತ ಬರುವವರಿಗೆ ನಾನು ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನ ಮೊದಲ ವರ್ಷದ ಕಥೆ ಹೇಳುತ್ತೇನೆ. 1998ರಲ್ಲಿ 28 ಇಂಟರ್‌ಸೆಪ್ಷನ್. ಹೊಸಬರ ಲೆಕ್ಕದಲ್ಲಿ ಅದು ದಾಖಲೆ. ತಂಡ 16ರಲ್ಲಿ 13 ಮ್ಯಾಚ್ ಸೋತಿತು. ಅದೇ ಮನುಷ್ಯ ಮುಂದೆ ಐದು ಸಲ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. ಇನ್ನೂ ಹಿಂದಕ್ಕೆ ಹೋಗಬೇಕಾದರೆ, ಚೆಂಡನ್ನು ಮುಂದಕ್ಕೆ ಎಸೆಯುವುದು 1906ರ ತನಕ ಈ ಆಟದಲ್ಲಿ ತಪ್ಪೇ ಆಗಿತ್ತು. ಮೈದಾನದಲ್ಲಿ ಹುಡುಗರು ಸಾಯತೊಡಗಿ, 1905ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜು ತಂಡಗಳವರನ್ನು ಕರೆದು ಬುದ್ಧಿ ಹೇಳಿದ ಮೇಲೆ ನಿಯಮ ಬದಲಾಯಿತು. 1906ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ನಿಯಮದ ಪ್ರಕಾರ ಮೊದಲ ಪಾಸ್ ಎಸೆದರು. ಅದು ನೆಲಕ್ಕೆ ಬಿತ್ತು. ಆಗಿನ ನಿಯಮದಂತೆ ಚೆಂಡು ಎದುರಾಳಿಗೆ ಹೋಯಿತು. ಅದೇ ಮ್ಯಾಚಿನಲ್ಲಿ ಮತ್ತೆ ಎಸೆದರು, ಟಚ್‌ಡೌನ್ ಆಯಿತು, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಬಂತು. ಈ ಕಥೆ ಮಕ್ಕಳಿಗೆ ಇಷ್ಟ. ಬಿದ್ದದ್ದು ಹೇಳುವಾಗ ಜಾಸ್ತಿ ಇಷ್ಟ.

ನಮ್ಮ ಕಡೆಯ ಪೋಷಕರಿಗೆ ಅರ್ಥ ಮಾಡಿಸಲು ಕಷ್ಟವಾಗುವುದು ಬೇಕಂತಲೇ ಹೊರಗೆ ಎಸೆಯುವುದು. ಯಾರೂ ಖಾಲಿ ಇಲ್ಲ, ಹೊತ್ತು ಮುಗಿಯುತ್ತಿದೆ, ಒತ್ತಾಯ ಮಾಡಿ ಎಸೆದರೆ ಎದುರಾಳಿ ಹಿಡಿಯುತ್ತಾನೆ. ಆಗ ಗೆರೆಯಾಚೆ ಎಸೆದುಬಿಡು ಅಂತ ಕಲಿಸುತ್ತೇವೆ. ಒಂದು ಅವಕಾಶ ಹೋಗುತ್ತದೆ, ಚೆಂಡು ನಮ್ಮಲ್ಲೇ ಉಳಿಯುತ್ತದೆ. ಮಗು ಸರಿಯಾಗಿ ಹಾಗೆ ಮಾಡಿದಾಗ ನಾವು ಜೋರಾಗಿ ಚಪ್ಪಾಳೆ ತಟ್ಟುತ್ತೇವೆ. ಒಬ್ಬ ತಾಯಿ ನನ್ನ ಹತ್ತಿರ ಬಂದು ಕೇಳಿದರು, "ರೀ, ಅವನು ಆಚೆ ಎಸೆದಿದ್ದಕ್ಕೆ ಚಪ್ಪಾಳೆ ಯಾಕ್ರೀ?" ವಿವರಿಸಿದೆ. "ಪರೀಕ್ಷೇಲಿ ಬರದಿದ್ರೂ ಏನಾದ್ರೂ ಬರಿ, ಖಾಲಿ ಬಿಡ್ಬೇಡ ಅಂತ ನಾನು ಮನೇಲಿ ಹೇಳ್ಕೊಟ್ಟಿದ್ದೀನಿ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೈಗೆ ವಿಶ್ರಾಂತಿಯೂ ಬೇಕು. ಬೇಸ್‌ಬಾಲ್‌ನಲ್ಲಿ ಮಕ್ಕಳ ಆಟ ನಡೆಸುವ ಲಿಟಲ್ ಲೀಗ್‌ನವರು 2007ರಿಂದ ಲೆಕ್ಕ ಇಟ್ಟಿದ್ದಾರೆ, 9-10 ವರ್ಷದ ಪಿಚರ್ ದಿನಕ್ಕೆ 75 ಎಸೆತ ದಾಟುವಂತಿಲ್ಲ. ಫುಟ್‌ಬಾಲ್‌ನಲ್ಲಿ ಎಲ್ಲರೂ ಒಪ್ಪಿ ಪಾಲಿಸುವ ಅಂಥ ಲೆಕ್ಕ ಇಲ್ಲ. ನಮ್ಮಲ್ಲಿ ಒಬ್ಬ ಅಪ್ಪ ಎಸೆತ ಎಣಿಸಲು ಕ್ಲಿಕ್ಕರ್ ಹಿಡಿದು ನಿಲ್ಲುತ್ತಾರೆ. ಬೆಳಿಗ್ಗೆ ಬೇಸ್‌ಬಾಲ್ ಆಡಿ ಬಂದ ಮಗುವಿಗೆ ಅವತ್ತು ಬರೀ ಕಾಲಿನ ಕೆಲಸ, ಚೆಂಡು ಮುಟ್ಟುವಂತಿಲ್ಲ. ಮುಖ ಊದಿಸಿಕೊಂಡೇ ಹೆಜ್ಜೆ ಹಾಕುತ್ತಾರೆ. ಹಾಕಲಿ.

ಒಬ್ಬರನ್ನೊಬ್ಬರು ಕೆಡವುವ ಟ್ಯಾಕಲ್ ಆಟಕ್ಕೆ ಯಾವಾಗ ಕಳಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ, ಹೈಸ್ಕೂಲ್ ತನಕ ಆತುರ ಬೇಡ. ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಗೊತ್ತಾಗಿರುವುದು ಅಷ್ಟಕ್ಕೇ ಸಾಕು. ಹೆಜ್ಜೆ, ಹೊತ್ತು, ಕಣ್ಣು ಈ ಮೂರನ್ನೂ ಫ್ಲ್ಯಾಗ್‌ನಲ್ಲೇ ಕಲಿಯಬಹುದು. ಈಗ ಫ್ಲ್ಯಾಗ್ ಬರೀ ಮಕ್ಕಳಾಟವೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಒಲಿಂಪಿಕ್ ಸಮಿತಿ ಮುಂಬೈಯಲ್ಲಿ ಸೇರಿದಾಗ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆಗೆ ಫ್ಲ್ಯಾಗ್ ಫುಟ್‌ಬಾಲ್ ಕೂಡ ಸೇರಿತು. ನಮ್ಮ ಮನೆಯಲ್ಲಿ ಅವತ್ತು ಅಪ್ಪ, ಮಗಳು ಇಬ್ಬರಿಗೂ ಖುಷಿ, ಕಾರಣ ಬೇರೆ ಬೇರೆ.

ಈ ಸೀಸನ್‌ನಿಂದ ಹಡಲ್‌ನಲ್ಲಿ, ಅಂದರೆ ಗುಂಪು ಸೇರಿ ಮಾತಾಡುವಾಗ, ಯಾವ ಪ್ಲೇ (ಯಾರು ಎಲ್ಲಿಗೆ ಓಡಬೇಕು ಅನ್ನುವ ಯೋಜನೆ) ಆಡಬೇಕು ಅಂತ ಕೂಗುವುದನ್ನೂ ಮಕ್ಕಳಿಗೇ ಬಿಟ್ಟಿದ್ದೇವೆ. ನಾವು ಬರೆದುಕೊಟ್ಟ ಎಂಟು ಪ್ಲೇಗಳಲ್ಲಿ ಅವರು ಮೂರನ್ನೇ ಮತ್ತೆ ಮತ್ತೆ ಆಡುತ್ತಾರೆ. ಮೂರೂ ಚಿಕ್ಕ ಎಸೆತದವು, ನಾನು ಬಾಯಿ ಬಿಟ್ಟು ಹೇಳದಿದ್ದರೂ. ಮೊನ್ನೆ ಎಡಗೈ ಹುಡುಗಿ ಮತ್ತು ಆ ಶಾಂತ ಹುಡುಗ ಸೇರಿ ತಾವೇ ಒಂದು ಪ್ಲೇ ಬರೆದು ತಂದಿದ್ದಾರೆ. ನೋಟ್‌ಬುಕ್ ಹಾಳೆಯಲ್ಲಿ ಬಾಣದ ಗುರುತು, ಪಕ್ಕದಲ್ಲಿ ಎಷ್ಟನೆಯ ಹೆಜ್ಜೆಗೆ ಎಸೆಯಬೇಕು ಅಂತಲೂ ಬರೆದಿದೆ. ಅದರಲ್ಲಿ ಸೆಂಟರ್ ಸೇರಿ ನಾಲ್ಕೂ ಜನ ಬಲಕ್ಕೇ ಓಡುತ್ತಾರೆ. ನಡೆಯುವುದಿಲ್ಲ ಅಂತ ಹೆಡ್ ಕೋಚ್ ಅಂದರು, ನನಗೂ ಹಾಗೇ ಅನ್ನಿಸಿತು. ಶನಿವಾರ ಆಡಿಸುತ್ತಿದ್ದೇವೆ.